ಐದು ಮೆಷಿನ್, ಹದಿನಾಲ್ಕು ತಿಂಗಳು

ಕಳೆದ ವಾರ ಸಾಲದ ಆರನೇ ಕಂತು ಕಟ್ಟಿದೆ. ಯಾರ ಹತ್ತಿರವೂ ಕೈಗಡ ಕೇಳದೆ, ಚೀಲ ಮಾರಿ ಬಂದ ದುಡ್ಡಿನಲ್ಲೇ ಕಟ್ಟಿದ ಮೊದಲ ಕಂತು ಇದು. ಕೆಲಸ ಬಿಟ್ಟು ಸರಿಯಾಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನದಲ್ಲಿ ನಾನು ಹೊಲಿದದ್ದಕ್ಕಿಂತ ಕಾದದ್ದೇ ಜಾಸ್ತಿ. ಎಲ್ಲಿ ಎಷ್ಟು ಕಾದೆ, ಎಲ್ಲಿ ಸುಮ್ನೆ ದುಡ್ಡು ಕಳೆದುಕೊಂಡೆ ಅನ್ನೋದನ್ನ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಸಣ್ಣದಾಗಿ ಏನಾದರೂ ಶುರು ಮಾಡಬೇಕು ಅಂತಿರುವವರಿಗೆ ಇದರಿಂದ ಒಂದೆರಡು ತಿಂಗಳು ಉಳಿದರೂ ಸಾಕು.

ಒಂಬತ್ತು ವರ್ಷ ಒಂದು ಚೀಲದ ಕಾರ್ಖಾನೆಯಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸದಲ್ಲಿದ್ದೆ. ದಿನಕ್ಕೆ ಹತ್ತು ಫೋನ್ ಬಂದರೆ ಅದರಲ್ಲಿ ಮೂರು 'ಐವತ್ತೇ ಚೀಲ ಬೇಕು, ನಮ್ಮ ಹೆಸರು ಹಾಕಿ ಕೊಡ್ತೀರಾ' ಅಂತ ಇರುತ್ತಿದ್ದವು. ಐನೂರಕ್ಕೆ ಕಡಿಮೆ ಮಾಡಲ್ಲ ಅಂತ ಹೇಳಿ ಇಡುವುದು ನನ್ನ ಕೆಲಸ. ಇಲ್ಲ ಅಂತ ಹೇಳಿ ಹೇಳಿ ಒಂದು ದಿನ ಅನಿಸಿತು, ಇವರೆಲ್ಲ ಕೊನೆಗೆ ಎಲ್ಲಿ ಹೋಗುತ್ತಾರೆ? ವಿಚಾರಿಸಿದೆ. ಎಲ್ಲೂ ಇಲ್ಲ. ಸಿಕ್ಕಿದ್ದನ್ನು ಕೊಂಡು ಸುಮ್ಮನಾಗುತ್ತಿದ್ದರು. ನನ್ನ ಇಡೀ ವ್ಯವಹಾರ ಹುಟ್ಟಿದ್ದು ಆ 'ಎಲ್ಲೂ ಇಲ್ಲ'ದಿಂದ.

ಕೆಲಸ ಬಿಡುವ ಮೊದಲು ಮಾಡಿದ ಒಂದೇ ಒಂದು ಜಾಣತನ ಹೇಳುತ್ತೇನೆ. ಎಷ್ಟು ಲಾಭ ಬರಬಹುದು ಅಂತ ಲೆಕ್ಕ ಹಾಕಲಿಲ್ಲ. ಎಷ್ಟು ಹೋದರೆ ತಡೆದುಕೊಳ್ಳಬಹುದು ಅಂತ ಹಾಕಿದೆ. ಎಂಟು ತಿಂಗಳ ಸಂಬಳದಷ್ಟು ಪೂರ್ತಿ ಮುಳುಗಿದರೂ ಮನೆ ನಡೆಯುತ್ತದೆ ಅಂತ ಗೊತ್ತಾಯಿತು. ಅಷ್ಟನ್ನು ಬೇರೆ ಖಾತೆಗೆ ಹಾಕಿ, ಅದಕ್ಕಿಂತ ಒಂದು ಪೈಸೆ ಮೇಲೆ ಕೈ ಹಾಕಲ್ಲ ಅಂತ ಮನೆಯವರಿಗೆ ಮಾತು ಕೊಟ್ಟೆ. (ಹಾಕಿದೆ. ಮುಂದೆ ಬರುತ್ತದೆ.)

ಮನೆಯ ಹೊಲಿಗೆ ಮೆಷಿನ್‌ನಲ್ಲಿ ನಲವತ್ತು ಸ್ಯಾಂಪಲ್ ಹೊಲಿದೆ. ಹಳೆಯ ಕೆಲಸದಲ್ಲಿ ಇಲ್ಲ ಅಂದಿದ್ದವರನ್ನೇ ಹುಡುಕಿಕೊಂಡು ಹೋಗಿ ಕೊಟ್ಟೆ. ಹನ್ನೆರಡು ಜನ ಆರ್ಡರ್ ಕೊಡ್ತೀವಿ ಅಂದರು, ಐದು ಜನ ನಿಜವಾಗಿ ಕೊಟ್ಟರು. ಈ ಹನ್ನೆರಡಕ್ಕೂ ಐದಕ್ಕೂ ಇರುವ ಅಂತರ ನೆನಪಿಟ್ಟುಕೊಳ್ಳಿ. 'ಚೆನ್ನಾಗಿದೆ, ತಗೋತೀವಿ' ಅನ್ನೋದು ಮರ್ಯಾದೆಗೆ ಆಡುವ ಮಾತು. ಸಣ್ಣ ಮೊತ್ತವಾದರೂ ಸರಿ, ಮುಂಗಡ ಕೊಟ್ಟರೆ ಅದು ಆರ್ಡರ್.

ಆಮೇಲೆ ಶುರುವಾಯಿತು ಕಾಗದದ ಕಥೆ.

ನೋಂದಣಿಗೆ ವಿಳಾಸದ ದಾಖಲೆ ಬೇಕು. ಅದಕ್ಕೆ ಜಾಗ ಬಾಡಿಗೆಗೆ ಹಿಡಿಯಬೇಕು. ಹಿಡಿದೆ, ಮುಂಗಡ ಕೊಟ್ಟೆ, ಅಂದಿನಿಂದಲೇ ಬಾಡಿಗೆಯ ಮೀಟರ್ ಓಡತೊಡಗಿತು. ನೋಂದಣಿ ಎರಡೇ ವಾರದಲ್ಲಿ ಆಯಿತು, ಅಲ್ಲಿವರೆಗೂ ನಾನು ಖುಷಿಯಾಗಿಯೇ ಇದ್ದೆ. ಮುಂದೆ ಸಿಕ್ಕಿಕೊಂಡಿದ್ದು ಹೀಗೆ. ವ್ಯಾಪಾರದ ಕರೆಂಟ್ ಕನೆಕ್ಷನ್‌ಗೆ ಪರವಾನಗಿ ಬೇಕು. ಪರವಾನಗಿ ಕೊಡುವವರು ಬಂದು ಮೆಷಿನ್ ಓಡುವುದನ್ನು ನೋಡಬೇಕು. ಮೆಷಿನ್ ಓಡಲು ಕರೆಂಟ್ ಬೇಕು. ಈ ಮೂರನ್ನೂ ಮೂರು ಕಡೆ ಮೂರು ಜನ ಬಹಳ ಸೌಜನ್ಯದಿಂದಲೇ ವಿವರಿಸಿದರು. ಯಾರದೂ ತಪ್ಪಿಲ್ಲ. ಪ್ರತಿಯೊಬ್ಬರ ಹತ್ತಿರವೂ ಅವರವರ ನಿಯಮದ ಹಾಳೆ ಇತ್ತು. ನಾನು ಮಾತ್ರ ಆ ಮೂರು ಹಾಳೆಯ ನಡುವೆ ಓಡಾಡುತ್ತಿದ್ದೆ.

ಒಟ್ಟು 97 ದಿನ.

ಡಿಗ್ರಿಯಲ್ಲಿ ಉದ್ಯಮಶೀಲತೆ ಅಂತ ಒಂದು ಪೇಪರ್ ಇತ್ತು ನಮಗೆ. ಆಗ ಉರು ಹೊಡೆದು ಬರೆದಿದ್ದೆ, ಒಳ್ಳೆ ಮಾರ್ಕ್ಸೂ ಬಂದಿತ್ತು. ಆ ನೋಟ್ಸ್ ಕಟ್ಟನ್ನು ಈಗ ಕೌಂಟರ್ ಮುಂದಿನ ಬೆಂಚಿನಲ್ಲಿ ಕೂತು ಮತ್ತೆ ಓದಿದೆ. ಅದರಲ್ಲಿ ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ಮಾಡಿಸಿದ ಪ್ರಯೋಗ ಇದೆ. 1983ರಲ್ಲಿ ಅವರ ತಂಡ ರಾಜಧಾನಿ ಲಿಮಾದಲ್ಲಿ ಒಂದು ಸಣ್ಣ ಹೊಲಿಗೆ ಘಟಕವನ್ನು ಪೂರ್ತಿ ಕಾನೂನಿನ ಪ್ರಕಾರವೇ ನೋಂದಾಯಿಸಲು ಹೊರಟಿತು. ತುರ್ತು ಮಾಡಿಸಿಕೊಳ್ಳುವ ವಶೀಲಿ ಇಲ್ಲ, ಸುಮ್ನೆ ಸಾಲಿನಲ್ಲಿ ನಿಲ್ಲುವುದು. 289 ದಿನ ಹಿಡಿಯಿತು. ಆದ ಖರ್ಚು ಅಲ್ಲಿನ ತಿಂಗಳ ಕನಿಷ್ಠ ವೇತನದ 31 ಪಟ್ಟು. ಹತ್ತು ಸಲ ಲಂಚ ಕೇಳಿದರಂತೆ. ಎರಡು ಸಲ ಕೊಡದೆ ಪ್ರಯೋಗವೇ ಮುಂದೆ ಹೋಗುತ್ತಿರಲಿಲ್ಲವಂತೆ. ಪರೀಕ್ಷೆಗೆ ಓದುವಾಗ ಇದು ಎರಡು ಅಂಕದ ಪ್ರಶ್ನೆ. ಬೆಂಚಿನ ಮೇಲೆ ಓದಿದಾಗ ನಗು ಬಂತು, ಆಮೇಲೆ ನಗು ನಿಂತಿತು. ಅಷ್ಟು ದಿನ ಕಾಯುವ ಶಕ್ತಿ ಇಲ್ಲದವರು ಏನು ಮಾಡುತ್ತಾರೆ? ಕಾಗದವೇ ಇಲ್ಲದೆ ಶುರು ಮಾಡುತ್ತಾರೆ. ಕಾಗದ ಇಲ್ಲ ಅಂದರೆ ಬ್ಯಾಂಕ್ ಸಾಲ ಇಲ್ಲ, ದೊಡ್ಡ ಗಿರಾಕಿ ಇಲ್ಲ, ಮೋಸವಾದರೆ ದೂರು ಕೊಡುವ ಹಾಗೂ ಇಲ್ಲ. ಎರಡು ಮೆಷಿನ್‌ನವರು ಇಪ್ಪತ್ತು ವರ್ಷವಾದರೂ ಎರಡೇ ಮೆಷಿನ್‌ನಲ್ಲಿ ಉಳಿಯುವುದು ಬರೀ ಸೋಮಾರಿತನದಿಂದಲ್ಲ ಅಂತ ಅವತ್ತು ಗೊತ್ತಾಯಿತು.

ನನ್ನ ಗಂಟು ಬಿಚ್ಚಿದ್ದು ಹೇಗೆ ಅಂತ ಕೇಳಿದರೆ, ಪರವಾನಗಿ ಕಚೇರಿಯಲ್ಲಿ ವಯಸ್ಸಾದ ಒಬ್ಬ ಗುಮಾಸ್ತರಿದ್ದರು. ನಾನು ಐದನೇ ಸಲ ಹೋದಾಗ ಕನ್ನಡಕ ಮೇಲೆ ಮಾಡಿ, "ತಾತ್ಕಾಲಿಕ ಕನೆಕ್ಷನ್ ಅಂತ ಇರುತ್ತಲ್ಲಮ್ಮ, ಅದಕ್ಕೆ ಹಾಕಿದ್ದೀಯಾ?" ಅಂದರು. ಅದು ಯಾವ ಫಾರಂನಲ್ಲೂ ಬರೆದಿರಲಿಲ್ಲ. ಹಾಕಿದೆ, ಒಂಬತ್ತು ದಿನಕ್ಕೆ ಬಂತು. ಹಾಗಾಗಿ ನನ್ನ ಸಲಹೆ: ಕೌಂಟರ್‌ನಲ್ಲಿ 'ಏನೇನು ದಾಖಲೆ ಬೇಕು' ಅಂತ ಮಾತ್ರ ಕೇಳಬೇಡಿ. 'ನನ್ನ ಹಾಗೆ ಸಿಕ್ಕಿಕೊಂಡವರು ಇಲ್ಲಿವರೆಗೆ ಹೇಗೆ ಮಾಡಿಕೊಂಡಿದ್ದಾರೆ' ಅಂತ ಕೇಳಿ. ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆ. ಇನ್ನೊಂದು, ಬಾಡಿಗೆ ಕರಾರಿನಲ್ಲಿ ಕರೆಂಟ್ ಬಂದ ದಿನದಿಂದ ಬಾಡಿಗೆ ಅಂತ ಬರೆಸಿಕೊಳ್ಳಲು ನೋಡಿ. ನಾನು ಬರೆಸಿಕೊಳ್ಳಲಿಲ್ಲ. ಮೂರು ತಿಂಗಳು ಖಾಲಿ ಕೋಣೆಗೆ ಕೊಟ್ಟೆ.

ಇದೇ ಬೆಂಚಿನಲ್ಲಿ ಒಬ್ಬ ಮಧ್ಯವರ್ತಿಯೂ ಪರಿಚಯವಾದ. ಬಹಳ ಚುರುಕು. ಯಾವ ಫೈಲ್ ಯಾರ ಮೇಜಿನ ಮೇಲಿದೆ, ಯಾವಾಗ ರಜೆ, ಎಲ್ಲ ಅವನ ನಾಲಿಗೆ ಮೇಲೆ. ಇಷ್ಟು ಬುದ್ಧಿ ಇಟ್ಟುಕೊಂಡು ಇವನು ಏನನ್ನಾದರೂ ಮಾಡಿ ಮಾರಿದ್ದರೆ ನಮ್ಮೆಲ್ಲರಿಗಿಂತ ಮುಂದೆ ಇರುತ್ತಿದ್ದ ಅನಿಸಿತು. ವಿಲಿಯಂ ಬೌಮಲ್ ಅನ್ನುವ ಅರ್ಥಶಾಸ್ತ್ರಜ್ಞ 1990ರಲ್ಲಿ ಹೇಳಿದ್ದು ಇದನ್ನೇ: ಉದ್ಯಮದ ಬುದ್ಧಿ ಎಲ್ಲ ಸಮಾಜದಲ್ಲೂ ಇರುತ್ತದೆ, ಅದು ಹೊಸದನ್ನು ಮಾಡಲು ಹೋಗುತ್ತದೋ ಅಥವಾ ಇದ್ದದ್ದರಲ್ಲಿ ಪಾಲು ಕೀಳಲು ಹೋಗುತ್ತದೋ ಅನ್ನೋದನ್ನ ಆಟದ ನಿಯಮ ನಿರ್ಧರಿಸುತ್ತದೆ. ಅವನಿಗೆ ದುಡ್ಡು ಕೊಡಲಿಲ್ಲ. ಕೊಡುವ ಮನಸ್ಸು ಎರಡು ಸಲ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಸಾಲಕ್ಕೆ ಎರಡನೇ ತಿಂಗಳಲ್ಲೇ ಅರ್ಜಿ ಹಾಕಿದ್ದೆ. ಮೊದಲ ಬ್ಯಾಂಕ್‌ನವರು ಕೇಳಿದ ಮೊದಲ ಮಾತೇ, ಅಡಮಾನ ಏನಿದೆ? ಮನೆ ಇದೆ ಅಂದೆ. ಕಾಗದ ಯಾರ ಹೆಸರಿನಲ್ಲಿದೆ? ತಾತನ ಹೆಸರಿನಲ್ಲಿ. ತಾತ ತೀರಿಕೊಂಡು ಹತ್ತೊಂಬತ್ತು ವರ್ಷ, ಪಾಲುದಾರರು ಏಳು ಜನ. ಅಲ್ಲಿಗೆ ಮಾತು ಮುಗಿಯಿತು. ಡಿ ಸೋಟೊ ಇದಕ್ಕೆ ಸತ್ತ ಬಂಡವಾಳ ಅಂತ ಹೆಸರಿಟ್ಟಿದ್ದಾರೆ: ಬಡ ದೇಶಗಳ ಜನರ ಹತ್ತಿರ ಆಸ್ತಿ ಇದೆ, ಆದರೆ ಕಾಗದ ಸರಿಯಿಲ್ಲದ ಕಾರಣ ಅದು ಸಾಲವಾಗಿ ಬದಲಾಗುವುದಿಲ್ಲ. ನಮ್ಮ ಮನೆ ಮಳೆಗೆ ಸೂರಾಗುತ್ತದೆ, ಬ್ಯಾಂಕಿನಲ್ಲಿ ಮಾತ್ರ ಅದು ಇಲ್ಲವೇ ಇಲ್ಲ.

ಎರಡನೇ ಬ್ಯಾಂಕ್‌ನವರು ಮೆಷಿನ್‌ಗಳನ್ನೇ ಆಧಾರ ಮಾಡಿಕೊಳ್ಳಲು ಒಪ್ಪಿದರು. ಆದರೆ ಯೋಜನಾ ವರದಿ ಬೇಕು ಅಂದರು. ಬರೆದುಕೊಡುವವರ ಹತ್ತಿರ ಬರೆಸಿದೆ. ಮೂವತ್ತೆರಡು ಪುಟ, ಬಣ್ಣದ ನಕ್ಷೆ, ಐದು ವರ್ಷದ ಲಾಭ. ಮ್ಯಾನೇಜರ್ ಹನ್ನೊಂದನೇ ಪುಟ ತೆಗೆದು, "ಮೇಡಂ, ಒಂದು ಚೀಲಕ್ಕೆ ಎಷ್ಟು ಬಟ್ಟೆ ಹಿಡಿಯುತ್ತೆ, ಅದರಲ್ಲಿ ಎಷ್ಟು ತುಂಡು ವೇಸ್ಟ್ ಹೋಗುತ್ತೆ?" ಅಂದರು. ಬಾಯಲ್ಲೇ ಹೇಳಿದೆ, ಕೈಯಾರೆ ಕತ್ತರಿಸಿದ್ದೆನಲ್ಲ. ವರದಿಯಲ್ಲಿ ಇದ್ದ ಅಂಕಿ ಬೇರೆಯೇ ಇತ್ತು. ಅವರು ವರದಿ ಮುಚ್ಚಿ, "ನೀವು ಹೇಳಿದ್ದನ್ನೇ ಎರಡು ಪುಟದಲ್ಲಿ ಬರೆದು ತನ್ನಿ" ಅಂದರು. ಬರೆಸಲು ಕೊಟ್ಟ ದುಡ್ಡು ದಂಡ. ನೀವೇ ಬರೆಯಿರಿ, ತಪ್ಪುತಪ್ಪಾದರೂ ಪರವಾಗಿಲ್ಲ.

ಐದನೇ ತಿಂಗಳು ಮಂಜೂರಾತಿ, ಆರನೇ ತಿಂಗಳ ಕೊನೆಗೆ ಮೆಷಿನ್. ಮೊದಲ ಎರಡು ತಿಂಗಳು ಕಂತಿಲ್ಲ ಅಂದಾಗ ದೊಡ್ಡ ಉಪಕಾರ ಅನಿಸಿತ್ತು. ಬಡ್ಡಿ ಆ ಎರಡು ತಿಂಗಳೂ ಬೆಳೆಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇತ್ತು, ಓದಿರಲಿಲ್ಲ.

ಮೆಷಿನ್ ವಿಷಯಕ್ಕೆ ಬರುತ್ತೇನೆ. ಸ್ವಂತ ದುಡ್ಡಿನಲ್ಲಿ ಮೊದಲೇ ಕೊಂಡಿದ್ದ ಎರಡು ಹಳೆಯ ಮೆಷಿನ್‌ಗೆ ಕ್ಲಚ್ ಮೋಟರ್ ಇತ್ತು. ಅಗ್ಗಕ್ಕೆ ಸಿಕ್ಕಿತ್ತು. ಅದರ ಮೋಟರ್, ನೀವು ಹೊಲಿಯದೆ ಸುಮ್ನೆ ಕೂತಿದ್ದರೂ ಗುಯ್ ಅಂತ ತಿರುಗುತ್ತಲೇ ಇರುತ್ತದೆ, ಕರೆಂಟ್ ತಿನ್ನುತ್ತಲೇ ಇರುತ್ತದೆ. ಅದಕ್ಕಿಂತ ತಾಪತ್ರಯ ವೇಗದ್ದು, ಮೆಲ್ಲಗೆ ಓಡಿಸುವುದು ಕಷ್ಟ. ಚೀಲದ ಪಟ್ಟಿ ಬಂದು ಪಕ್ಕದ ಹೊಲಿಗೆಗೆ ಸೇರುವ ಜಾಗದಲ್ಲಿ ಕ್ಯಾನ್ವಾಸ್ ನಾಲ್ಕು ಪದರ, ಪಟ್ಟಿಯ ಮಡಿಕೆ ಎರಡು ಪದರ, ಒಟ್ಟು ಆರು. 14ನೇ ನಂಬರಿನ ಸೂಜಿ (ನಂಬರ್ ಹೆಚ್ಚಿದಷ್ಟೂ ಸೂಜಿ ದಪ್ಪ) ಅಲ್ಲಿಗೆ ಬಂದರೆ ಟಕ್ ಅಂತ ಮುರಿಯುತ್ತಿತ್ತು. 16 ಹಾಕಿದರೆ ಮುರಿಯದು, ಆದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿತ್ತು. ಅಲ್ಲೇ ಗಿರಾಕಿಯ ಚೀಲ ಹರಿಯುವುದು. 18ಕ್ಕೆ ಬಂದು, ದಪ್ಪ ದಾರಕ್ಕೆ ತಕ್ಕ ಹಾಗೆ ಬಿಗಿ ಸರಿಮಾಡಿ, ಆ ಎರಡು ಇಂಚು ಮಾತ್ರ ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸುವುದನ್ನು ಕಲಿಯಲು ಮೂರು ವಾರ ಹಿಡಿಯಿತು. ಸಾಲದಲ್ಲಿ ಕೊಂಡ ಮೂರಕ್ಕೂ ಸರ್ವೋ ಮೋಟರ್. ಕಾಲು ಮೆಲ್ಲಗೆ ಒತ್ತಿದರೆ ಮೆಲ್ಲಗೇ ಓಡುತ್ತದೆ, ಕಾಲು ತೆಗೆದರೆ ಸದ್ದೇ ಇಲ್ಲ. ಹಳೆಯದು ಕೊಳ್ಳುವವರು ಮೆಷಿನ್ ಹಳೆಯದೇ ಕೊಳ್ಳಿ, ಮೋಟರ್ ಮಾತ್ರ ಸರ್ವೋಗೆ ಬದಲಾಯಿಸಿಕೊಳ್ಳಿ.

ಮೆಷಿನ್ ಕೆಟ್ಟರೆ ಬರುವ ಮೆಕ್ಯಾನಿಕ್ ವಾರಕ್ಕೊಮ್ಮೆ ಸಿಗುತ್ತಿದ್ದ. ನಾನೇ ಕಲಿತೆ. ದಪ್ಪ ಬಟ್ಟೆ ಹೊಲಿಯುವ ಕೈಗಳು ಸಿಗಲಿಲ್ಲ. ನಾನೇ ಕಲಿಸಿದೆ. ಸಣ್ಣ ಪ್ರಮಾಣದಲ್ಲಿ ಹೆಸರು ಅಚ್ಚು ಹಾಕಿ ಕೊಡುವವರಿರಲಿಲ್ಲ, ಚೌಕಟ್ಟು ಮಾಡಿಸಿ ಅದನ್ನೂ ನಾವೇ ಶುರು ಮಾಡಿದೆವು. ಯಾಕೆ ಎಲ್ಲವನ್ನೂ ನಾನೇ ಮಾಡಬೇಕು ಅಂತ ಒಂದು ರಾತ್ರಿ ಅಳು ಬಂದಿತ್ತು. ನೋಟ್ಸ್‌ನಲ್ಲಿ ಉತ್ತರ ಇತ್ತು ಅಂದರೆ ನಂಬುತ್ತೀರಾ? ಶುಂಪೀಟರ್ ಅನ್ನುವ ಅರ್ಥಶಾಸ್ತ್ರಜ್ಞ 1911ರಲ್ಲೇ ಉದ್ಯಮಿ ಅಂದರೆ ಹೊಸ ಜೋಡಣೆ ಮಾಡುವವರು ಅಂದಿದ್ದರು: ಹೊಸ ವಸ್ತು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಸಂಘಟನೆ. ಓದಲು ಚೆನ್ನಾಗಿದೆ. ಆದರೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಹಾರ್ವೆ ಲೈಬೆನ್‌ಸ್ಟೈನ್ 1968ರಲ್ಲಿ ಬಡ ದೇಶಗಳ ಬಗ್ಗೆ ಬರೆದದ್ದು ನನ್ನ ಎದೆಗೆ ಬಂದು ತಾಕಿತು. ಅಲ್ಲಿ ಎಷ್ಟೋ ಸಾಮಗ್ರಿಗೆ, ಕೌಶಲಕ್ಕೆ, ಸಾಲಕ್ಕೆ ಸರಿಯಾದ ಮಾರುಕಟ್ಟೆಯೇ ಇರುವುದಿಲ್ಲ. ದುಡ್ಡು ಇದ್ದರೂ ಕೊಳ್ಳಲು ಸಿಗುವುದಿಲ್ಲ. ಆ ತೂತುಗಳನ್ನು ಮುಚ್ಚಿ, ಇಲ್ಲದ್ದನ್ನು ಹೊಂದಿಸಿ, ಎಲ್ಲವನ್ನೂ ಒಂದು ಕಡೆ ತರುವವರೇ ಅಲ್ಲಿ ಉದ್ಯಮಿ. ನಾನು ನನ್ನ ದಡ್ಡತನ ಅಂದುಕೊಂಡಿದ್ದ ಓಡಾಟವೇ ಈ ಕೆಲಸದ ತಿರುಳು ಅಂತ ಒಬ್ಬರು ಐವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದರು. ಅವತ್ತು ನಿದ್ದೆ ಬಂತು.

ಈಗ ಮುಖ್ಯ ವಿಷಯ. ಇದನ್ನು ಬೇಕಾದರೆ ಎರಡು ಸಲ ಓದಿ.

ಏಳನೇ ತಿಂಗಳಲ್ಲಿ 600 ಚೀಲದ ಆರ್ಡರ್ ಬಂತು, ಒಂದು ದೊಡ್ಡ ಸಂಸ್ಥೆಯಿಂದ. ಎಲ್ಲರಿಗೂ ಹೇಳಿಕೊಂಡು ಕುಣಿದಾಡಿದೆ. ಚೀಲದ ಬೆಲೆ 100 ಅಂತ ಇಟ್ಟುಕೊಂಡರೆ ಬಟ್ಟೆ, ಜಿಪ್, ದಾರಕ್ಕೆ 54, ಕೂಲಿಗೆ 22, ಬಾಡಿಗೆ, ಕರೆಂಟ್, ಸಾಗಣೆಗೆ 10. ಒಟ್ಟು 86. ಉಳಿಯುವುದು 14. ಚೆನ್ನಾಗಿದೆ ಅಲ್ವಾ? ಆದರೆ ಆ 100 ಬರುವ ಮೊದಲು 86 ನನ್ನ ಕೈಯಿಂದ ಹೋಗಬೇಕು. ಅದೇ ಲೆಕ್ಕದಲ್ಲಿ ಆಗ ನನ್ನ ಹತ್ತಿರ ಇದ್ದದ್ದು 55. ಬಟ್ಟೆಯವನು ನಗದು ಕೇಳುತ್ತಾನೆ, ಕೂಲಿ ಶನಿವಾರ ಕೊಡಲೇಬೇಕು, ಸಂಸ್ಥೆಯವರು 'ಬಿಲ್ ಕೊಟ್ಟು ಹೋಗಿ, ಮೂವತ್ತು ದಿನ' ಅಂದರು. ಬಂದದ್ದು 71ನೇ ದಿನ. ಲಾಭದ ಆರ್ಡರೇ ನನ್ನನ್ನು ಮುಳುಗಿಸುವುದರಲ್ಲಿತ್ತು. ಆಗಲೇ ನಾನು ಮಾತು ಮುರಿದದ್ದು. ಮನೆಯ ದುಡ್ಡಿಗೆ ಕೈ ಹಾಕಿದೆ, ಅಕ್ಕನ ಹತ್ತಿರ ಕೈಗಡ ಮಾಡಿದೆ, ಒಂಬತ್ತನೇ ತಿಂಗಳ ಮೊದಲ ಕಂತನ್ನು ಅದರಲ್ಲೇ ಕಟ್ಟಿದೆ. ಅಷ್ಟು ದೊಡ್ಡ ಸಂಸ್ಥೆಗೆ ನಾನು, ಐದು ಮೆಷಿನ್‌ನವಳು, ಬಡ್ಡಿಯಿಲ್ಲದೆ ಸಾಲ ಕೊಟ್ಟ ಹಾಗಾಯಿತು.

ನಾನು ಸಾಲ ಕೇಳಿದ್ದು ಮೆಷಿನ್‌ಗೆ ಮಾತ್ರ. ಕಾಯುವುದಕ್ಕೆ ಕೇಳಿರಲಿಲ್ಲ. ಮೆಷಿನ್ ಸಾಲಕ್ಕಿಂತ ಮೊದಲು ವರ್ಕಿಂಗ್ ಕ್ಯಾಪಿಟಲ್ ಲೆಕ್ಕ ಹಾಕಿ: ಬಟ್ಟೆಗೆ ದುಡ್ಡು ಕೊಟ್ಟ ದಿನದಿಂದ ಗಿರಾಕಿಯ ದುಡ್ಡು ಖಾತೆಗೆ ಬಂದ ದಿನದವರೆಗೆ ಎಷ್ಟು ವಾರ? ವಾರಕ್ಕೆ 86 ಖರ್ಚಿದ್ದು ಹತ್ತು ವಾರ ಕಾಯಬೇಕಾದರೆ 860 ಯಾವಾಗಲೂ ಹೊರಗೆ ಸಿಕ್ಕಿಕೊಂಡಿರುತ್ತದೆ. ವ್ಯಾಪಾರ ಎರಡು ಪಟ್ಟಾದರೆ ಅದೂ ಎರಡು ಪಟ್ಟು.

ಬಾಂಗ್ಲಾದೇಶದ ಸಿದ್ಧ ಉಡುಪಿನ ಉದ್ಯಮ ಅಷ್ಟು ಬೆಳೆದದ್ದು ಕೂಲಿ ಕಡಿಮೆ ಅಂತ ಅಷ್ಟೇ ತಿಳಿದಿದ್ದೆ. ಈ ಸಲ ನೋಟ್ಸ್ ಓದುವಾಗ ಗಮನಿಸಿದ್ದು ಅಲ್ಲಿನ ಸಾಲದ ಏರ್ಪಾಡು. ವಿದೇಶದ ಗಿರಾಕಿ ಕೊಟ್ಟ ಬ್ಯಾಂಕ್ ಭರವಸೆ ಪತ್ರವನ್ನೇ (ಲೆಟರ್ ಆಫ್ ಕ್ರೆಡಿಟ್, ಮಾಲು ಕಳಿಸಿದರೆ ದುಡ್ಡು ಕೊಡುತ್ತೇವೆ ಅಂತ ಗಿರಾಕಿಯ ಬ್ಯಾಂಕ್ ಬರೆದುಕೊಡುವುದು) ಆಧಾರವಾಗಿಟ್ಟುಕೊಂಡು ಸ್ಥಳೀಯ ಬ್ಯಾಂಕ್ ಬಟ್ಟೆಗೆ ಇನ್ನೊಂದು ಭರವಸೆ ಪತ್ರ ತೆರೆಯುತ್ತದೆ. ಅಂಗಿ ಹಡಗು ಹತ್ತಿ ದುಡ್ಡು ಬಂದ ಮೇಲೆ ಬಟ್ಟೆಯ ಲೆಕ್ಕ ಚುಕ್ತಾ. ಹೊಲಿಯುವವರು ಬಟ್ಟೆಗೆ ಕೈಯಿಂದ ಹಾಕಬೇಕಿಲ್ಲ. ಆ 71 ದಿನ ಅನುಭವಿಸಿದ ಮೇಲೆ, ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು ಅನಿಸಿತು.

ಇನ್ನೂ ಒಂದು ತಪ್ಪು. ಆ 14ರಲ್ಲಿ ನನ್ನ ಸಂಬಳ ಇರಲಿಲ್ಲ. ಬಿಟ್ಟು ಬಂದ ಕೆಲಸದ ಸಂಬಳ ಹಿಡಿದರೆ ಚೀಲಕ್ಕೆ 9. ಹಾಗಾದರೆ ನಿಜವಾದ ಲಾಭ 5. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟದ್ದರ ಬೆಲೆಗೆ ಅವಕಾಶ ವೆಚ್ಚ ಅಂತ ಪರೀಕ್ಷೆಯಲ್ಲಿ ಹತ್ತು ಸಾಲು ಬರೆದವಳು ನಾನೇ. ಬೆಲೆ ಏರಿಸಿದೆ. ಇಬ್ಬರು ಗಿರಾಕಿಗಳು ಹೋದರು, ಉಳಿದವರು ಒಂದು ಮಾತೂ ಆಡಲಿಲ್ಲ. ಮೊದಲೇ ಏರಿಸಬಹುದಿತ್ತು.

ಫ್ರಾಂಕ್ ನೈಟ್ ಅನ್ನುವ ಅರ್ಥಶಾಸ್ತ್ರಜ್ಞ 1921ರಲ್ಲಿ ಅಪಾಯ ಬೇರೆ, ಅನಿಶ್ಚಿತತೆ ಬೇರೆ ಅಂದಿದ್ದರು. ಅಪಾಯಕ್ಕೆ ಲೆಕ್ಕವಿದೆ, ಅನಿಶ್ಚಿತತೆಗೆ ಇಲ್ಲ, ಉದ್ಯಮಿಯ ಲಾಭ ಬರುವುದು ಎರಡನೆಯದನ್ನು ಹೊರುವುದಕ್ಕೆ. ನೂರು ಸೂಜಿಯಲ್ಲಿ ಎಷ್ಟು ಮುರಿಯುತ್ತವೆ ಅಂತ ನಾನೀಗ ಹೇಳಬಲ್ಲೆ, ಅದು ಅಪಾಯ, ಬೆಲೆಯಲ್ಲಿ ಸೇರಿಸಿದ್ದೇನೆ. ಹೊಸ ಗಿರಾಕಿ ಯಾವಾಗ ದುಡ್ಡು ಕೊಡುತ್ತಾನೆ ಅನ್ನುವುದು ಎರಡನೆಯದು. ಅದನ್ನು ಮೊದಲನೆಯದಾಗಿ ಬದಲಾಯಿಸಲು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಗಿರಾಕಿಯ ಹೆಸರು, ಹೇಳಿದ ದಿನ, ಕೊಟ್ಟ ದಿನ. ಮೂರೇ ಕಾಲಂ. ನನ್ನ ಐದು ಮೆಷಿನ್ ಒಂದು ತೂಕವಾದರೆ ಆ ನೋಟ್‌ಬುಕ್ ಒಂದು ತೂಕ.

ಹನ್ನೊಂದನೇ ತಿಂಗಳಲ್ಲಿ ನಾನು ಕಲಿಸಿದ್ದ ಮೂವರಲ್ಲಿ ಒಬ್ಬಳು, ಎಲ್ಲರಿಗಿಂತ ಚೆನ್ನಾಗಿ ಹೊಲಿಯುತ್ತಿದ್ದವಳು, ಕೆಲಸ ಬಿಟ್ಟು ಎರಡು ಮೆಷಿನ್ ಇಟ್ಟುಕೊಂಡಳು. ನನ್ನದೇ ಮಾದರಿ, 18ರ ಸೂಜಿ, ಕೈಯಲ್ಲಿ ಚಕ್ರ ತಿರುಗಿಸುವುದು, ಎಲ್ಲವನ್ನೂ ತೆಗೆದುಕೊಂಡು ಹೋದಳು. ಒಂದು ವಾರ ಊಟ ರುಚಿಸಲಿಲ್ಲ. ಮೂರು ವಾರದ ಮುರಿದ ಸೂಜಿಗಳಿಗೆ ದುಡ್ಡು ಕೊಟ್ಟವಳು ನಾನು, ಅವಳಿಗೆ ಅದು ಪುಕ್ಕಟೆ. ಮತ್ತೆ ಬಾಂಗ್ಲಾದೇಶದ್ದೇ ನೆನಪಾಯಿತು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಅನ್ನುವ ಕಂಪನಿ 130 ಜನರನ್ನು ದಕ್ಷಿಣ ಕೊರಿಯಾದ ಡೇವೂ ಕಂಪನಿಗೆ ತರಬೇತಿಗೆ ಕಳಿಸಿತ್ತು. ಮುಂದಿನ ವರ್ಷಗಳಲ್ಲಿ ಅವರಲ್ಲಿ 115 ಜನ ದೇಶ್ ಬಿಟ್ಟು ಹೋದರು, ಕೆಲವರು ಬೇರೆ ಕಾರ್ಖಾನೆಗೆ, ಕೆಲವರು ಸ್ವಂತದ್ದು ಶುರು ಮಾಡಲು. ಆ ಕಂಪನಿಗೆ ನಷ್ಟ, ಆದರೆ ಆ ದೇಶಕ್ಕೆ ಉಡುಪಿನ ಉದ್ಯಮ ಸಿಕ್ಕಿದ್ದರಲ್ಲಿ ಈ ಬಿಟ್ಟು ಹೋದವರ ಪಾಲು ದೊಡ್ಡದು. ಅರ್ಥಶಾಸ್ತ್ರ ಅಂತ ನೋಡಿದರೆ ಒಳ್ಳೆಯದೇ. ಹೊಟ್ಟೆಯುರಿ ಅದಕ್ಕೆಲ್ಲ ಕೇಳಲ್ಲ.

ಮೊನ್ನೆ ಅವಳೇ ಬಂದಳು. ಕೈಯಲ್ಲಿ ಒಂದು ಆರ್ಡರ್ ಪತ್ರ, ಮುಖದಲ್ಲಿ ನನಗೆ ಏಳನೇ ತಿಂಗಳಲ್ಲಿ ಇದ್ದ ಅದೇ ಖುಷಿ. 300 ಚೀಲ. ಕೂರು ಅಂದೆ. ಬಾಗಿಲಲ್ಲೇ ನಿಂತು, "ಅಕ್ಕಾ, ಮೂವತ್ತು ದಿನಕ್ಕೆ ದುಡ್ಡು ಅಂದಿದ್ದಾರೆ, ನಂಬಬಹುದಾ?" ಅಂದಳು. ಸಂಸ್ಥೆಯ ಹೆಸರು ನೋಡಿದೆ. ನೋಟ್‌ಬುಕ್ ತೆಗೆದು, ಹೇಳುವುದೋ ಬೇಡವೋ ಅಂತ ಒಂದು ಗಳಿಗೆ ಬೆರಳು ಪುಟದ ಮೇಲೇ ಇಟ್ಟುಕೊಂಡಿದ್ದೆ. ಆಮೇಲೆ ಅವಳ ಕಡೆಗೆ ತಿರುಗಿಸಿದೆ.

ಎಪ್ಪತ್ತೊಂದು ಅಂತ ಓದಿಕೊಂಡಳು. ಕೂತಳು.